ಮುಳುಗದ ನೀರು

ಬಲಗೈಗೆ ಪ್ಲಾಸ್ಟರ್ ಬಿದ್ದ ಹನ್ನೊಂದನೇ ದಿನ
ರೈಹಾನ ಬಂದಳು, ಅವಳ ಮಾಮ ಶಾರ್ಜಾದಿಂದ ತಂದ
ಆಟದ ಪೆಟ್ಟಿಗೆ ಹಿಡಿದು.
"ಹೆಬ್ಬೆರಳು ಆಡ್ತದಲ್ಲ ಅಕ್ಕಾ? ಸಾಕು."

ನಮ್ಮಲ್ಲಿ ಆಟಿಯಲ್ಲಿ ಮಾತ್ರ ಚೆನ್ನೆಮಣೆ ಇಳಿಸುವುದು;
ಇದಕ್ಕೆ ತಿಂಗಳ ಕಟ್ಟಿಲ್ಲ, ಚಾರ್ಜು ಇದ್ದರಾಯಿತು.
ಆಟ ಮಾತಾಡುವುದು ಇಂಗ್ಲಿಷು, ಅವಳದ್ದು ಬ್ಯಾರಿ, ನನ್ನದು ತುಳು,
ನಡುವೆ ಸಂಕದ ಹಾಗೆ ಶಾಲೆಯ ಕನ್ನಡ.
ನನ್ನ ಬದಿಯಲ್ಲಿ ಒಂದೆರಡು ಹಲಗೆ ಇಲ್ಲ.

ಪರದೆಯಲ್ಲೊಂದು ಕುದ್ರು.
ಶಿರಿಯ ಹೊಳೆಯ ಕುದ್ರುವಿಗಿಂತ ಹಸಿರು ಹೆಚ್ಚು, ಸೊಳ್ಳೆ ಕಡಿಮೆ.
ಕೆಂಪು ಟೊಪ್ಪಿಯ ಪೋರಿ ನಾನಂತೆ.
ಎಡ ಬೆರಳು ನಡಿಗೆ, ಬಲ ಬೆರಳು ನೋಟ;
ನಡೆಯುವುದೊಂದು ಕಡೆ, ನೋಡುವುದಿನ್ನೊಂದು ಕಡೆ ಆಗಿ
ಮೊದಲ ಅರ್ಧಗಂಟೆ ಒಂದೇ ತೆಂಗಿನಮರಕ್ಕೆ ಹಾಯ್ದೆ.
ಮರ ಬೇಸರಿಸದೆ ಪ್ರತಿ ಸಲ ಒಂದು ಕಾಯಿ ಕೊಟ್ಟಿತು.

ಗುಂಡಿ ಒತ್ತಿದರೆ ಬಗ್ಗುತ್ತಾಳೆ. ಬಗ್ಗಿದರೆ ಚಿಪ್ಪು.
ಚಿಪ್ಪಿಗೆ ಮೂರು ನಾಣ್ಯ, ಚೌಕಾಸಿ ಇಲ್ಲ;
ಅಂಗಡಿಯ ಆಮೆ "ನಿನ್ನೆಯದ್ದಾ?" ಎಂದು ಮೂಸಿ ನೋಡುವುದಿಲ್ಲ.
ಚೀಲದಲ್ಲಿ ಹನ್ನೆರಡು ಗೂಡು. ಹದಿಮೂರನೆಯದು ಹಿಡಿಯುವುದಿಲ್ಲ,
ತಲೆಯ ಮೇಲೆ ಹೊರಲು ಗುಂಡಿಯೇ ಇಟ್ಟಿಲ್ಲ.
ಹೆಕ್ಕಿದ ಜಾಗದಲ್ಲೇ, ಮಲಗಿ ಎದ್ದರೆ, ಮತ್ತೆ ಚಿಪ್ಪು.
"ಇದು ಸುಳ್ಳು" ಅಂದೆ.
"ಆಟ ಅಕ್ಕಾ" ಅಂದಳು.

ದಮ್ಮಿಗೊಂದು ಹಸಿರು ಗೆರೆ.
ಗುಡ್ಡ ಹತ್ತಿದರೆ ಸವೆಯುತ್ತದೆ, ನಿಂತರೆ ತುಂಬುತ್ತದೆ,
ಬೆಂಕಿ ಬಳಿ ಕೂತು ಸುಟ್ಟ ಮೀನು ತಿಂದರೆ ಬೇಗ.
ಹೀಗೊಂದು ಗೆರೆ ನಮ್ಮ ತಲೆಯ ಮೇಲೂ ಕಾಣುತ್ತಿದ್ದರೆ
ಸೊಂಟದುದ್ದ ನೀರಿನಲ್ಲಿ ಆರು ಗಂಟೆ ನಿಂತು
ಕಾಲಿನಿಂದ ಮರುವಾಯಿ ತಡಕುವವರಿಗೆ
ಯಾರಾದರೂ "ಸಾಕು, ಮೇಲೆ ಬಾ" ಅನ್ನುತ್ತಿದ್ದರೋ ಏನೋ.

ಎದುರು ಸಿಕ್ಕಿದವರೊಡನೆ ಮಾತಾಡಬೇಕು, ಅದು ನಿಯಮ.
ಕೊಕ್ಕರೆ ಬುತ್ತಿ ಕಳಕೊಂಡಿದೆ, ಏಡಿಗೆ ಕಾಗದ ತಲುಪಿಸಬೇಕು.
ಮಾಡಿಕೊಟ್ಟರೆ ಹಗ್ಗವೋ ಸಲಿಕೆಯೋ ಸಿಗುತ್ತದೆ.
ಮಾಡದಿದ್ದರೆ ಏನೂ ಇಲ್ಲ;
ಕೊಕ್ಕರೆ ಅಲ್ಲೇ ನಿಂತು ನಾಳೆಯೂ ಅದನ್ನೇ ಹೇಳುತ್ತದೆ,
ಸ್ವರ ಏರಿಸದೆ.

"ಸತ್ತರೆ?" ಕೇಳಿದೆ.
"ಇದರಲ್ಲಿ ಸಾಯುವುದಿಲ್ಲ."
"ಮುಳುಗಿದರೆ?"
"ಮುಳುಗಿದರೂ."

ಅವಳು ಮದ್ರಸಕ್ಕೆ ಹೋದ ಮೇಲೆ
ಪೋರಿಯನ್ನು ನೇರ ಕಡಲಿಗೆ ಇಳಿಸಿದೆ.
ಗೆರೆ ಕುಗ್ಗಿತು, ಕೆಂಪಾಯಿತು, ಆರಿತು.
ಪರದೆ ಕಪ್ಪು.
ಎರಡು ಉಸಿರು.
ಮತ್ತೆ ದಡ; ಟೊಪ್ಪಿಯ ನೀರು ಕೊಡವಿ ಎದ್ದು ನಿಂತಳು.
ಮೂಡಕ್ಕೆ ಹೋದೆ, ಪಡುವಕ್ಕೆ ಹೋದೆ,
ಬಂಡೆಯ ಹಿಂದೆ ನೀರು ಕಪ್ಪಿರುವಲ್ಲಿಗೂ ಹೋದೆ.
ಅಂದು, ಮರುದಿನ, ಅದರ ಮರುದಿನ.
ಇಪ್ಪತ್ತಾರು ಸಲ ಎಣಿಸಿದೆ, ಮತ್ತೆ ಎಣಿಸಲಿಲ್ಲ.
ಪ್ರತಿ ಸಲ ಕೊಡವಿ ಎದ್ದಳು.

ಶಿರಿಯದಲ್ಲಿ ಮರಳು ತೋಡಿದ ಗುಂಡಿ ಎಲ್ಲಿದೆಯೆಂದು
ಇಳಿತದಲ್ಲೂ ಕಾಣುವುದಿಲ್ಲ.
ಹಿಂದಿನ ದಿನ ಮೊಣಕಾಲುದ್ದ ಇದ್ದಲ್ಲಿ
ನಾದಿನಿ ಕುಸುಮಾವತಿ ಒಂದು ಹೆಜ್ಜೆ ಇಟ್ಟಳು.
ಅವಳ ಅಲ್ಯುಮಿನಿಯಂ ತಪಲೆ ಮಾತ್ರ
ಸುತ್ತುತ್ತ ಸುತ್ತುತ್ತ ಅಳಿವೆಯ ಕಡೆ ಹೋಯಿತು, ಅರ್ಧ ತುಂಬಿತ್ತು.
ಕನ್ನಡದಲ್ಲಿ ಎರಡಕ್ಕೂ ಗುಂಡಿ ಅನ್ನುವುದು,
ಒತ್ತುವುದಕ್ಕೂ
ಇಳಿಯುವುದಕ್ಕೂ.

ಪ್ಲಾಸ್ಟರ್ ಬಿಚ್ಚಿದ್ದು ಸೋಮವಾರ.
ಕೈ ಬಿಳಚಿಕೊಂಡು ಬೇರೆ ಯಾರದ್ದೋ ಹಾಗೆ.
ಪೆಟ್ಟಿಗೆ ವಾಪಸು ಕೊಡುವಾಗ ರೈಹಾನ ತೆರೆದು ನೋಡಿದಳು:
"ಚೀಲ ಖಾಲಿ. ಕೊಕ್ಕರೆಯ ಬುತ್ತಿ ಹುಡುಕಲೇ ಇಲ್ಲ.
ಇಷ್ಟು ದಿನ ಎಂತ ಮಾಡಿದ್ದು ಅಕ್ಕಾ?"
ಈಜಿದ್ದು, ಅಂದೆ.

"ಇವಳು ನೀರಂಚಿನಲ್ಲೇ ನಿಂತಿದ್ದಾಳೆ."
"ಇರಲಿ. ಹಸಿವಾಗ್ತದಾ ಅವಳಿಗೆ?"
"ಇಲ್ಲ. ಆಫ್ ಮಾಡಿದರೆ ಹಾಗೇ ಇರ್ತಾಳೆ."

ಹೊಳೆ ಇಳಿಯುವ ಹೊತ್ತಾಗಿತ್ತು. ತಪಲೆ ಎತ್ತಿಕೊಂಡೆ.
ಆದರೂ ಮಾರಾಯ್ತಿ, ಅಂದೆ ಮೆಟ್ಟಿಲಿಳಿಯುತ್ತ,
ಉಬ್ಬರಕ್ಕೆ ಮೊದಲು ದಡ ಸೇರಲಿಕ್ಕೆ ಹೇಳು.